ಸೂರು ಬದಲಿಸುವ ಮೊದಲು ಗೋಡೆಯನ್ನು ಕೇಳಿ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಅನ್ನೋ ಗಾದೆ ಕನ್ನಡದಲ್ಲಿದೆ. "ಇಲ್ಲು ಕಟ್ಟಿ ಚೂಡು, ಪೆಳ್ಳಿ ಚೇಸಿ ಚೂಡು" ಅಂತ ತೆಲುಗಿನಲ್ಲೂ ಅದೇ ಮಾತಿದೆ. ಎರಡೂ ಭಾಷೆ ಆಡುವ ಮಡಕಶಿರಾ, ರಾಯದುರ್ಗ, ಆದೋನಿ ಸೀಮೆಯವರಾದ ನಾವು ಇದಕ್ಕೆ ಮೂರನೆಯದೊಂದನ್ನು ಸೇರಿಸಬೇಕಾಗಿದೆ: ಹಳೇ ಮನೆಗೆ ಸೂರು ಬದಲಿಸಿ ನೋಡು. ಹೊಸ ಮನೆ ಕಟ್ಟುವವನಿಗೆ ಎಂಜಿನಿಯರು ಸಿಗ್ತಾನೆ, ಪ್ಲಾನು ಸಿಗ್ತದೆ, ಬ್ಯಾಂಕಿನ ಸಾಲವೂ ಸಿಗಬಹುದು. ಹಳೇ ಗೋಡೆ ಉಳಿಸಿಕೊಂಡು ಮೇಲಿನ ಮಾಳಿಗೆ ಮಾತ್ರ ತೆಗೆಸುವವನಿಗೆ ಸಿಗೋದು ಮೇಸ್ತ್ರಿಯ ಬಾಯಿಮಾತು, ಅಂಗಡಿಯ ರೇಟು, ಪಕ್ಕದ ಮನೆಯವನ ಸಲಹೆ, ಇಷ್ಟೇ.

ಯುಗಾದಿ ಕಳೆದು ಕಾರಹುಣ್ಣಿಮೆ ಬರುವುದರೊಳಗೆ ಈ ಕೆಲಸ ಆಗಬೇಕು. ಆ ದಿನಗಳಲ್ಲಿ ನಮ್ಮ ಕಡೆಯ ಯಾವ ಊರಿಗೆ ಹೋದರೂ ಬೀದಿಯಲ್ಲಿ ಮಾಳಿಗೆ ಮಣ್ಣಿನ ಗುಡ್ಡೆ, ಟ್ರಾಕ್ಟರಿನಲ್ಲಿ ಶೀಟು, ಗೋಡೆಗೆ ಒರಗಿಸಿದ ಹಳೇ ತೊಲೆ ಕಾಣುತ್ತವೆ. ಒಂದು ತಲೆಮಾರಿನಲ್ಲಿ ಊರುಗಳ ತಲೆಯೇ ಬದಲಾಗುತ್ತಿದೆ. ಬದಲಾಗಬಾರದು ಅಂತ ನಾವು ಹೇಳುವುದಿಲ್ಲ. ಹೇಗೆ ಬದಲಾಗುತ್ತಿದೆ ಅನ್ನೋದನ್ನು ಕೇಳಬೇಕು ಅಂತ ಹೇಳುತ್ತಿದ್ದೇವೆ.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ನಮ್ಮದು ತಾತನ ಕಾಲದ ಆರಂಕಣದ ಮಾಳಿಗೆ ಮನೆ. ಮಳೆ ಬಂದರೆ "ಮಿದ್ದೆ ಕಾರುತಾ ಉಂದಿ" ಅಂತ ಪಾತ್ರೆ ಇಡುವ ಕೆಲಸ. 2012ರ ಬೇಸಿಗೆಯಲ್ಲಿ ಮುಂದಿನ ನಾಲ್ಕು ಅಂಕಣ ತೆಗೆಸಿ ತಗಡಿನ ಶೀಟು ಹಾಕಿಸಿದೆ. ದುಡ್ಡು ಸಾಲದೆ ಹಿಂದಿನ ಎರಡು ಅಂಕಣ ಹಾಗೇ ಉಳೀತು. "ಕಂಬ ಯಾಕೆ ಸಾಮಿ, ಅಡ್ಡ. ಗೋಡೆ ಮೇಲೆ ಪೈಪು ಇಟ್ಟು ಶೀಟು ಹೊಡೆದ್ರೆ ಹಾಲು ದೊಡ್ಡದಾಗ್ತೈತೆ" ಅಂದ ಮೇಸ್ತ್ರಿ. ಕಂಬ ಕೀಳಿಸಿದೆ. ತೊಲೆ, ಜಂತೆಗಳನ್ನು ಊರ ಮೇಲೆ ಬಂದ ಮರದ ವ್ಯಾಪಾರಿಗೆ ಕೊಟ್ಟೆ. ಆ ಬೇಸಿಗೆಯೇ ಅವ್ವ ಕೇಳಿದಳು, "ಏನಪ್ಪಾ, ಮನೆಗೆ ಸೂರು ಹಾಕ್ಸಿದೀಯೋ, ಒಲೆ ಮೇಲೆ ಹೆಂಚು ಇಟ್ಟಿದೀಯೋ?" ತನ್ನ ಹಾಸಿಗೆ ಸುತ್ತಿಕೊಂಡು ಹಿಂದಿನ ಎರಡು ಅಂಕಣಕ್ಕೆ ಹೋದವಳು ಮತ್ತೆ ಮುಂದಕ್ಕೆ ಬಂದು ಮಲಗಲಿಲ್ಲ. ಮೂರನೇ ವರ್ಷ ಭರಣಿ ಮಳೆಯ ಗಾಳಿಗೆ ಅರ್ಧ ಶೀಟು ಎದ್ದು ಪಕ್ಕದವರ ಹಿತ್ತಲಿಗೆ ಬಿತ್ತು. ಯಾರ ತಲೆ ಮೇಲೂ ಬೀಳಲಿಲ್ಲ, ದೊಡ್ಡ ಪುಣ್ಯ. ಆಮೇಲೆ ಪರಿಚಯದ ಒಬ್ಬ ನಿವೃತ್ತ ಎಂಜಿನಿಯರ ಹತ್ತಿರ ಕೂತು ಲೆಕ್ಕ ಕೇಳಿದೆ. ಆ ಲೆಕ್ಕವನ್ನೇ ಇಲ್ಲಿ ಓದುಗರ ಮುಂದೆ ಇಡುತ್ತಿದ್ದೇನೆ.

ಮಾಳಿಗೆ ಅಂದರೆ ಏನು ಅಂತ ಮೊದಲು ನೋಡೋಣ. ಕಂಬ, ಕಂಬದ ಮೇಲೆ ಬೋದಿಗೆ, ಬೋದಿಗೆ ಮೇಲೆ ತೊಲೆ, ತೊಲೆ ಮೇಲೆ ಜಂತೆ. ಜಂತೆ ಮೇಲೆ ಚಕ್ಕೆ, ಬಂದರೆ ಸೊಪ್ಪು. ಅದರ ಮೇಲೆ ಕಲಸಿದ ಮಣ್ಣು, ಕೊನೆಗೆ ಚೌಳು ಮಣ್ಣು. ಈ ಚೌಳು, ತೆಲುಗಿನವರ ಚೌಡು, ಹೊಲದಲ್ಲಿ ನಮ್ಮ ಶತ್ರು. ಅದರಲ್ಲಿರುವ ಸೋಡಿಯಂ ಅಂಶ ಜೇಡಿಯನ್ನು ನುಣ್ಣಗೆ ಒಡೆದು ಸಂದುಗಳನ್ನೆಲ್ಲ ಮುಚ್ಚಿಬಿಡುತ್ತದೆ. ನೀರು ಇಳಿಯುವುದಿಲ್ಲ, ಬೆಳೆ ಏಳುವುದಿಲ್ಲ. ಅದಕ್ಕೇ ಹೊಲಕ್ಕೆ ಜಿಪ್ಸಂ ಹಾಕ್ತೀವಿ. ಹೊಲದಲ್ಲಿ ಕೆಟ್ಟದಾದ ಅದೇ ಗುಣ ಮಾಳಿಗೆ ಮೇಲೆ ಒಳ್ಳೇದು: ನೀರು ಇಳಿಯೋದಿಲ್ಲ, ಹುಲ್ಲು ಮೊಳೆಯೋದಿಲ್ಲ. ವರ್ಷಕ್ಕೆ ಐನೂರೈವತ್ತು ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಅನಂತಪುರದ ಕಡೆಗೆ ಇದು ಸಾಕಾಗಿತ್ತು. ಮೂರು ಸಾವಿರ ಮಿಲಿಮೀಟರು ಮೀರಿ ಸುರಿಯುವ ಕಾಸರಗೋಡಿನಲ್ಲಿ ಇದು ಒಂದು ವಾರವೂ ನಿಲ್ಲದು. ಅಲ್ಲಿನವರು ಇಳಿಜಾರು ಸೂರಿಗೆ ಹೆಂಚು ಹೊದಿಸಿದರು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು ಆ ಕರಾವಳಿಗೆ ಹೇಳಿ ಮಾಡಿಸಿದ ಕೆಲಸ. ನಮ್ಮಲ್ಲಿ ಸೂರು ಅಂದರೆ ಕಣವೂ ಹೌದು. ಕಡ್ಲೆಕಾಯಿ ಒಣಗಬೇಕು, ಹುಣಸೆಹಣ್ಣು, ಮೆಣಸಿನಕಾಯಿ ಹರವಬೇಕು, ಸೆಕೆಗೆ ರಾತ್ರಿ ಮಲಗಬೇಕು. ಮಟ್ಟಸವಾದ ಮಾಳಿಗೆ ಇದಕ್ಕೆಲ್ಲ ಆಗುತ್ತಿತ್ತು. ಮಣ್ಣಿನ ದಪ್ಪಕ್ಕೆ ಹಗಲಿನ ಬಿಸಿ ಒಳಗೆ ಇಳಿಯುವಷ್ಟರಲ್ಲಿ ಸಂಜೆಯಾಗುತ್ತಿತ್ತು. ಅವ್ವ ಹಿಂದಿನ ಅಂಕಣಕ್ಕೆ ಹೋಗಿದ್ದು ಹಳೇದರ ಮೋಹದಿಂದಲ್ಲ, ತಂಪು ಹುಡುಕಿಕೊಂಡು.

ಹಾಗಂತ ಮಾಳಿಗೆಯನ್ನು ಹೊಗಳಿ ಕೂರೋಣ ಅಂತ ಅಲ್ಲ. ಅದಕ್ಕೂ ದೋಷ ಇದೆ, ಆ ದೋಷ ಪ್ರಾಣ ತೆಗೆಯುವಂಥದು. ಹತ್ತಡಿಗೆ ಹತ್ತಡಿ ಅಂಕಣದ ಮೇಲೆ ಒಂದಡಿ ದಪ್ಪ ಮಣ್ಣು ಅಂದರೆ ಐದು ಟನ್ನಿಗೆ ಹತ್ತಿರ ಭಾರ. ನೆನೆದರೆ ಇನ್ನೂ ಜಾಸ್ತಿ. ಸೋರಿದಾಗಲೆಲ್ಲ ಹಳೇ ಮಣ್ಣು ತೆಗೆಯದೆ ಮೇಲೆ ಮೇಲೆ ಹೊಸ ಮಣ್ಣು ಹಾಕುತ್ತಾ ಹೋದರೆ ಒಂದಡಿ ಎರಡಡಿಯಾಗುತ್ತದೆ. ಒಳಗೆ ಗೆದ್ದಲು ತಿಂದ ಜಂತೆ ಯಾರ ಕಣ್ಣಿಗೂ ಬೀಳೋದಿಲ್ಲ. ಅಕ್ಕಲಕೋಟೆ, ಸೊಲ್ಲಾಪುರದ ಕಡೆಯ ಓದುಗರಿಗೆ ಇದನ್ನು ನಾವು ಹೇಳಿಕೊಡಬೇಕಾಗಿಲ್ಲ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಅವರ ಪಕ್ಕದ ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ, ಕಿಲ್ಲಾರಿಯ ಸುತ್ತ, ಭೂಮಿ ನಡುಗಿತು. ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಮೇಲೆ ಅಡಿಗಟ್ಟಲೆ ಮಣ್ಣು. ಮಲಗಿದ್ದವರ ಮೇಲೆ ಎರಡೂ ಬಂದವು. ಸತ್ತವರು ಎಂಟು ಸಾವಿರದ ಹತ್ತಿರ. 2009ರ ಅಕ್ಟೋಬರಿನ ಮಳೆಯಲ್ಲಿ ಕರ್ನೂಲು, ಮಂತ್ರಾಲಯ ನೀರಲ್ಲಿ ನಿಂತಾಗ ರಾಯಚೂರು, ಬಳ್ಳಾರಿ, ಬಾಗಲಕೋಟೆ, ವಿಜಾಪುರದ ಕಡೆ ಮಣ್ಣಿನ ಮನೆಗಳು ಸಾಲುಸಾಲಾಗಿ ಕುಸಿದವು. ಆದ್ದರಿಂದ ಗೆದ್ದಲು ಹಿಡಿದ, ಬಾಗಿದ, ವರ್ಷ ವರ್ಷ ಮಣ್ಣು ಹೇರಿದ ಮಾಳಿಗೆಯ ಕೆಳಗೆ ಮಕ್ಕಳನ್ನು ಮಲಗಿಸಬೇಡಿ. ಅದನ್ನು ಬದಲಿಸಲೇಬೇಕು.

ಬದಲಿಸುವಾಗ ನಡೆಯುವ ತಪ್ಪು ಎಲ್ಲಿ? ಮಾಳಿಗೆಯ ಭಾರ ಹೊತ್ತಿದ್ದು ಹೆಚ್ಚಿನ ಮಟ್ಟಿಗೆ ಕಂಬಗಳು. ಗೋಡೆ ಮರೆಗೆ, ಭದ್ರತೆಗೆ ಇದ್ದದ್ದು. ಜೊತೆಗೆ ಮೇಲಿನ ಭಾರ ಗೋಡೆಯ ತಲೆಯನ್ನು ಅದುಮಿ ಹಿಡಿದಿತ್ತು. ಕಂಬ ಕಿತ್ತು ಹೊಸ ಸೂರನ್ನು ಬರೀ ಗೋಡೆ ಮೇಲೆ ಕೂರಿಸಿದರೆ, ಸೂರು ಭಾರವಾದರೂ ಕಷ್ಟ, ಹಗುರವಾದರೂ ಕಷ್ಟ.

ಹಗುರದ್ದು ಮೊದಲು ನೋಡೋಣ. ಹತ್ತಡಿ ಚೌಕಕ್ಕೆ ಹಾಕುವ ತಗಡಿನ ಶೀಟು ಎಲ್ಲ ಸೇರಿ ಐವತ್ತು ಕಿಲೋ ತೂಗಬಹುದು, ಒಂದು ಮೂಟೆ ಸಿಮೆಂಟಿನಷ್ಟು. ಗಾಳಿಯ ಲೆಕ್ಕಕ್ಕೆ ನಮ್ಮ ದೇಶದಲ್ಲಿ ಐ.ಎಸ್. 875 ಅನ್ನೋ ಮಾನಕದ ಮೂರನೇ ಭಾಗ ಇದೆ. ಅದರ ಪಟ್ಟಿಯಲ್ಲಿ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರು, ಕರ್ನೂಲಿಗೆ 39 ಮೀಟರು ವೇಗ ಹಿಡಿಯಬೇಕು ಅಂತಿದೆ. ಗಂಟೆಗೆ ಹೇಳಿದರೆ ಸುಮಾರು 120 ಮತ್ತು 140 ಕಿಲೋಮೀಟರು. ನಾವಿರೋದು ಇವೆರಡರ ನಡುವೆ. 33 ಮೀಟರಿನ ಗಾಳಿಗೇ ಚದರ ಮೀಟರಿಗೆ 65 ಕಿಲೋ ಹತ್ತಿರ ಒತ್ತಡ ಬರುತ್ತದೆ. ಹತ್ತಡಿ ಚೌಕಕ್ಕೆ ಅಂದಾಜು ಆರು ಕ್ವಿಂಟಾಲು. ಆರು ಕ್ವಿಂಟಾಲು ಎತ್ತುವ ಗಾಳಿಯ ಎದುರಿಗೆ ಅರ್ಧ ಕ್ವಿಂಟಾಲಿನ ತಗಡು, ಅದರ ಮೇಲೆ ನಾಲ್ಕು ಕಲ್ಲು! ಮೊರದಲ್ಲಿ ಹೊಟ್ಟು ಹಾರಿದ ಹಾಗೆ ಹಾರದೆ ಏನಾಗ್ತದೆ? ಆ ಕಲ್ಲುಗಳೇ ಉರುಳಿ ತಲೆ ಮೇಲೆ ಬೀಳ್ತವೆ.

ಶೀಟೇ ಹಾಕುವುದಾದರೆ ಮಾಡಬೇಕಾದ್ದು ಇಷ್ಟು. ಪೈಪು ಅಥವಾ ರೀಪು ಗೋಡೆಯ ಮೇಲೆ ಸುಮ್ಮನೆ ಕೂರಬಾರದು. ಗೋಡೆಯೊಳಕ್ಕೆ ಎರಡು ಮೂರು ಅಡಿ ಇಳಿಸಿ ಕಾಂಕ್ರೀಟು ತುಂಬಿದ ಬೋಲ್ಟಿಗೆ ಅದನ್ನು ಬಿಗಿಯಬೇಕು. ಕೊಕ್ಕೆ ಬೋಲ್ಟು ಶೀಟಿನ ಉಬ್ಬಿನ ಮೇಲೆ ಬರಬೇಕು, ತಗ್ಗಿನಲ್ಲಿ ಅಲ್ಲ. ತಗ್ಗಿನಲ್ಲಿ ಹೊಡೆದರೆ ಮಳೆನೀರು ಅಲ್ಲೇ ಇಳಿಯುತ್ತದೆ. ಗಾಳಿ ಮೊದಲು ಹಿಡಿಯೋದು ಅಂಚು ಮತ್ತು ಮೂಲೆಗಳನ್ನು, ಅಲ್ಲಿ ಬೋಲ್ಟು ಒತ್ತಾಗಿ ಇರಲಿ. ನೆರಳಿಗೆ ಅಂತ ಮುಂದೆ ಮೂರು ನಾಲ್ಕು ಅಡಿ ಚಾಚಿಸಬೇಡಿ. ಚಾಚಿದ ಭಾಗವೇ ಗಾಳಿಗೆ ಕೈಪಿಡಿ.

ಇನ್ನು ಬಿಸಿ. ರೇಷ್ಮೆ ಮಾಡುವ ಮಡಕಶಿರಾ, ಹಿಂದೂಪುರ, ಶಿರಾದವರು ಇದನ್ನು ಬೇರೆಯವರಿಗಿಂತ ಚೆನ್ನಾಗಿ ಬಲ್ಲರು. ನಾಲ್ಕನೇ ಜ್ವರ ಎದ್ದ ಹುಳಕ್ಕೆ 24, 25 ಡಿಗ್ರಿ ಇರಬೇಕು. ಅದಕ್ಕೆ ಅಂತ ಹುಳದ ಮನೆಯ ಶೀಟಿನ ಮೇಲೆ ತೆಂಗಿನ ಸೋಗೆ ಹೊದಿಸ್ತೀವಿ, ಸುಣ್ಣ ಬಳೀತೀವಿ, ಗೋಣಿಚೀಲ ನೆನೆಸಿ ಕಿಟಕಿಗೆ ಕಟ್ತೀವಿ. ನಾನೂ ಒಂದು ಬೇಸಿಗೆ ಹುಳಗಳನ್ನೆಲ್ಲ ಹಿಂದಿನ ಮಾಳಿಗೆ ಅಂಕಣಕ್ಕೆ ಸಾಗಿಸಿ ಬೆಳೆ ಉಳಿಸಿಕೊಂಡೆ. ನಾವು ಮಾತ್ರ ಬರೀ ತಗಡಿನ ಕೆಳಗೆ ಬೆವರುತ್ತಾ ಮಲಗಿದ್ದೆವು. ಹುಳಕ್ಕೆ ಕೊಡುವ ಮರ್ಯಾದೆಯನ್ನು ಮನೆಯ ಮುದುಕರಿಗೂ ಹಸುಗೂಸಿಗೂ ಬಾಣಂತಿಗೂ ಕೊಡಬೇಡವೇ?

ಕಲ್ನಾರಿನ ಶೀಟಿನ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಅಗ್ಗ, ತಗಡಿನಷ್ಟು ಸದ್ದು ಮಾಡೋದಿಲ್ಲ, ನಿಜ. ಆದರೆ ಅದರ ಧೂಳು ಶ್ವಾಸಕೋಶಕ್ಕೆ ಸೇರಿದರೆ ವರ್ಷಗಳ ಮೇಲೆ ಕ್ಯಾನ್ಸರ್ ತರಬಲ್ಲುದು. ಎಲ್ಲ ಬಗೆಯ ಕಲ್ನಾರೂ ಹಾಗೆಯೇ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಹಲವು ದೇಶಗಳು ಅದನ್ನು ನಿಷೇಧಿಸಿವೆ, ನಮ್ಮಲ್ಲಿ ಶೀಟು ಮಾರಾಟಕ್ಕೆ ತಡೆ ಇಲ್ಲ. ಹೊಸದಾಗಿ ಹಾಕಬೇಡಿ ಅನ್ನೋದು ನಮ್ಮ ಸಲಹೆ. ಈಗಾಗಲೇ ಇರುವುದನ್ನು ತೆಗೆಸುವಾಗ ನೀರು ಚಿಮುಕಿಸಿ, ಬೋಲ್ಟು ಬಿಚ್ಚಿ, ಇಡಿಯಾಗಿ ಇಳಿಸಿ. ಮಿಷನ್ ಹಾಕಿ ಕೊಯ್ಯಬೇಡಿ, ಒಡೆದ ಚೂರನ್ನು ಪುಡಿಮಾಡಿ ಅಂಗಳಕ್ಕೆ ಹಾಸಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ.

ಈಗ ಭಾರದ್ದು, ಅಂದರೆ ಆರ್.ಸಿ.ಸಿ. ಎಲ್ಲರ ಕನಸೂ ಅದೇ. ತಾರಸಿ ಹಾಕಿದವನಿಗೆ ಹೆಣ್ಣು ಕೊಡುವವರೂ ಬೇಗ ಒಪ್ಪುತ್ತಾರೆ! ನಾಲ್ಕೂವರೆ ಇಂಚಿನ ತಾರಸಿ ಹತ್ತಡಿ ಚೌಕಕ್ಕೆ ಎರಡೂವರೆ ಟನ್ನಿಗಿಂತ ಸ್ವಲ್ಪ ಜಾಸ್ತಿ. ಲೆಕ್ಕಕ್ಕೆ ಅದು ಹಳೇ ಮಾಳಿಗೆಗಿಂತ ಹಗುರವೇ. ಆದರೆ ಈ ಭಾರ ಕಂಬಕ್ಕಲ್ಲ, ನೇರ ಗೋಡೆಗೆ ಬರುತ್ತದೆ. ಮಣ್ಣಲ್ಲಿ ಕಟ್ಟಿದ ಕಲ್ಲುಗೋಡೆ, ಹಸಿ ಇಟ್ಟಿಗೆ ಗೋಡೆ ಅದಕ್ಕೆ ಹುಟ್ಟಿದ್ದಲ್ಲ. ಕೆಳಗೆ ಪಾಯ ಎಷ್ಟಿದೆ ಅಂತ ಒಂದು ಮೂಲೆ ಅಗೆದು ನೋಡಿ. ಗೋಡೆ ಉಬ್ಬಿದೆಯಾ, ಮೂಲೆ ಬಾಯಿ ಬಿಟ್ಟಿದೆಯಾ ಅಂತ ಗುಂಡು ಬಿಟ್ಟು ನೋಡಿ. ದುರ್ಬಲವಾಗಿದ್ದರೆ ಎರಡೇ ದಾರಿ: ಹೊಸ ಪಾಯದ ಮೇಲೆ ಪಿಲ್ಲರು ಎಬ್ಬಿಸಿ ತಾರಸಿಯ ಭಾರ ಅವಕ್ಕೆ ಕೊಡುವುದು, ಇಲ್ಲವೇ ಗೋಡೆಯನ್ನೇ ಸಿಮೆಂಟಿನಲ್ಲಿ ಹೊಸದಾಗಿ ಕಟ್ಟುವುದು. ನಾಲ್ಕೂ ಗೋಡೆ ಸುತ್ತಿ ಬರುವ ಕಾಂಕ್ರೀಟಿನ ಪಟ್ಟಿ ಬಿಡಬೇಡಿ. ಕಿಲ್ಲಾರಿಯ ವರ್ಷವೇ, 1993ರಲ್ಲಿ, ಮಣ್ಣಿನ ಮನೆಗೆ ಐ.ಎಸ್. 13827, ಕಲ್ಲು ಇಟ್ಟಿಗೆಯ ಸಾದಾ ಮನೆಗೆ ಐ.ಎಸ್. 13828 ಅಂತ ಮಾನಕಗಳು ಬಂದವು. ಅವುಗಳಲ್ಲಿ ಇಂಥ ಪಟ್ಟಿಗೆ ಮುಖ್ಯ ಸ್ಥಾನ. ಪೆಟ್ಟಿಗೆಗೆ ಹಗ್ಗ ಸುತ್ತಿ ಬಿಗಿದ ಹಾಗೆ ಅದು ಮನೆಯನ್ನು ಹಿಡಿದಿಡುತ್ತದೆ.

ತಾರಸಿ ಹಾಕಿದ ಮೇಲೆ ನೀರುಣಿಸುವುದರಲ್ಲಿ ನಮ್ಮವರು ಕಂಜೂಸು. ಮೂರು ದಿನ ಬಕೆಟಿನಲ್ಲಿ ಚೆಲ್ಲಿ ಮುಗಿಸುತ್ತಾರೆ. ಐ.ಎಸ್. 456ರ ಪ್ರಕಾರ ಪಿ.ಪಿ.ಸಿ. ಸಿಮೆಂಟಿಗೆ, ನಮ್ಮಂಥ ಒಣ ಬಿಸಿಲಿನಲ್ಲಿ, ಹದಿನಾಲ್ಕು ದಿನ ಹಸಿಯಾಗಿ ಇಡಬೇಕು. ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸಿ, ಮಡಿ ಕಟ್ಟೋದು ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇನ್ನೊಂದು ಮಾತು: ಉಪ್ಪು ಬೋರಿನ ನೀರಲ್ಲಿ ಕಾಂಕ್ರೀಟು ಕಲಸಬೇಡಿ. ಕಬ್ಬಿಣ ಇರುವ ಕಾಂಕ್ರೀಟಿಗೆ ಲೀಟರಿಗೆ 500 ಮಿಲಿಗ್ರಾಂ ಕ್ಲೋರೈಡು ಮೀರಬಾರದು ಅಂತ ಅದೇ ಮಾನಕ ಹೇಳುತ್ತದೆ. ಮೀರಿದರೆ ಒಳಗೆ ಕಂಬಿ ತುಕ್ಕು ಹಿಡಿದು ಉಬ್ಬುತ್ತದೆ, ಹತ್ತು ಹದಿನೈದು ವರ್ಷಕ್ಕೆ ಕೆಳಗಿನ ಗಾರೆ ಪಕಳೆ ಪಕಳೆಯಾಗಿ ಉದುರುತ್ತದೆ. ಹತ್ತಡಿಗೆ ಒಂದೂವರೆ ಇಂಚಿನಷ್ಟಾದರೂ ವಾಟ ಕೊಡಿ, ನೀರು ನಿಂತರೆ ಎಂಥ ತಾರಸಿಯೂ ಸೋರುತ್ತದೆ.

ತಾರಸಿಯೂ ಬಿಸಿಯೇ, ಅದು ಹಗಲು ಕಾಯ್ದು ರಾತ್ರಿ ಒಳಗೆ ಬಿಡುತ್ತದೆ. ಅದಕ್ಕೆ ಖರ್ಚಿಲ್ಲದ ಮದ್ದು ಸುಣ್ಣ. ಶಿವರಾತ್ರಿ ಮುಗಿದ ಮೇಲೆ ಎರಡು ಕೈ ಸುಣ್ಣ ಬಳಿದರೆ ಒಳಗೆ ಎರಡು ಮೂರು ಡಿಗ್ರಿಯಾದರೂ ಇಳಿಯುತ್ತದೆ. ಅನುಕೂಲ ಇದ್ದವರು ಇಟ್ಟಿಗೆ ಜಲ್ಲಿ, ಸುಣ್ಣದ ಗಾರೆ ಹಾಕಿ ಬಿಳಿ ಟೈಲು ಒಡೆದು ಕೂರಿಸಬಹುದು. ಪಕ್ಕದ ತೆಲಂಗಾಣದಲ್ಲಿ 2023ರಲ್ಲಿ ತಂಪು ಸೂರಿಗೆ ಅಂತಲೇ ಒಂದು ನೀತಿ ತಂದು, ಸರ್ಕಾರಿ, ವಾಣಿಜ್ಯ ಕಟ್ಟಡಗಳಿಗೂ ದೊಡ್ಡ ನಿವೇಶನದ ಮನೆಗಳಿಗೂ ಕಡ್ಡಾಯ ಮಾಡಿದರು. ನಮ್ಮ ಹಳ್ಳಿಗಳಿಗೆ ಕಡ್ಡಾಯ ಬೇಡ, ತಿಳಿವಳಿಕೆ ಸಾಕು.

ಮತ್ತೆ ಮರ ಗಟ್ಟಿಯಾಗಿರುವ ಮಾಳಿಗೆ ಇದ್ದವರು ಅವಸರ ಮಾಡಬೇಡಿ. ಮೇಲಿನ ಮಣ್ಣು ಪೂರ್ತಿ ಇಳಿಸಿ, ಜಂತೆ ಒಂದೊಂದನ್ನೂ ತಟ್ಟಿ ನೋಡಿ ಕೆಟ್ಟದ್ದನ್ನು ಬದಲಿಸಿ. ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಮೇಲೆ ಆರೆಂಟು ಇಂಚು ಮೀರದ ಹಾಗೆ ಮಣ್ಣು ಹಾಕಿ. ಕಂಬಕ್ಕೂ ತೊಲೆಗೂ ಓರೆಯಾಗಿ ಮರದ ಆನಿಕೆ ಬಿಗಿಯಿರಿ. ಭಾರ ಅರ್ಧಕ್ಕೆ ಇಳಿಯುತ್ತದೆ, ತಂಪು ಉಳಿಯುತ್ತದೆ. ನಮ್ಮ ಹಿಂದಿನ ಎರಡು ಅಂಕಣ ಹೀಗೇ ನಿಂತಿವೆ. ಮುಂದಿನ ನಾಲ್ಕಕ್ಕೆ ಪಿಲ್ಲರು ಎಬ್ಬಿಸಿ ತಾರಸಿ ಹಾಕಿಸಿದ್ದೇನೆ. ಒಂದೇ ಮನೆಗೆ ಎರಡು ಸಲ ಸೂರಿನ ಖರ್ಚು ಕೊಟ್ಟವನು ನಾನು. ನೀವು ಒಂದೇ ಸಲ ಕೊಡಿ.

ಇಷ್ಟು ಮನೆಯವರ ಪಾಲಿನ ಕೆಲಸ. ಸರ್ಕಾರಗಳ ಪಾಲಿನದೂ ಇದೆ. 2011ರ ಜನಗಣತಿಯ ಪಟ್ಟಿಯಲ್ಲಿ ಹುಲ್ಲು, ಸೋಗೆ, ಬಿದಿರು, ಮರ, ಮಣ್ಣು ಎಲ್ಲ ಒಂದೇ ಖಾನೆ. ನಮ್ಮ ತೊಲೆ ಜಂತೆಯ ಮಾಳಿಗೆಯೂ ಹುಲ್ಲಿನ ಗುಡಿಸಲೂ ಕಾಗದದ ಮೇಲೆ ಒಂದೇ. 2016ರಲ್ಲಿ ಶುರುವಾದ ಗ್ರಾಮೀಣ ಆವಾಸ್ ಯೋಜನೆಯಲ್ಲಿ ಬಯಲುಸೀಮೆಯವರಿಗೆ 1.20 ಲಕ್ಷ ರೂಪಾಯಿ ಕೊಡುವುದು ಹೊಸ ಮನೆಗೆ. ಹಳೇ ಮನೆಯ ಸೂರು ಭದ್ರ ಮಾಡಿಕೊಳ್ಳಲು ಅದರಲ್ಲಿ ದಾರಿ ಇಲ್ಲ. ಹಿಂದಿನ ಇಂದಿರಾ ಆವಾಸ್ ಯೋಜನೆಯಲ್ಲಿ ಕಚ್ಚಾ ಮನೆಯನ್ನು ಮೇಲ್ದರ್ಜೆಗೆ ಏರಿಸಲೂ ಒಂದು ಪಾಲು ಹಣ ಇಟ್ಟಿದ್ದರು. ಆ ದಾರಿಯನ್ನು ಮತ್ತೆ ತೆರೆಯಬೇಕು. ಹೊಸ ಮನೆಗೆ ಕೊಡುವುದರ ಕಾಲು ಭಾಗ ಕೊಟ್ಟರೂ ಒಂದು ಬಡಮನೆಯ ಪಾಯ ಪರೀಕ್ಷೆ, ಪಟ್ಟಿ, ಬೋಲ್ಟು ಆಗಿಹೋಗುತ್ತವೆ.

ಎರಡನೆಯದು ಭಾಷೆಯ ಮಾತು. ರಾಷ್ಟ್ರೀಯ ಕಟ್ಟಡ ಸಂಹಿತೆ ತನ್ನಷ್ಟಕ್ಕೆ ಕಾನೂನಲ್ಲ, ರಾಜ್ಯಗಳು, ಸ್ಥಳೀಯ ಸಂಸ್ಥೆಗಳು ತಮ್ಮ ನಿಯಮದಲ್ಲಿ ಸೇರಿಸಿಕೊಂಡಾಗಲೇ ಅದಕ್ಕೆ ಹಲ್ಲು. ಪಟ್ಟಣದಲ್ಲಿ ಪ್ಲಾನು ನೋಡುವವರು ಇದ್ದಾರೆ. ಹಳ್ಳಿಯಲ್ಲಿ ಅದನ್ನು ಓದಿ ಹೇಳುವವರೇ ಇಲ್ಲ. 1953ರಲ್ಲಿ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದಾಗಿನಿಂದ ನಮ್ಮ ಅರ್ಜಿಗಳು ತೆಲುಗಿನಲ್ಲಿ. ನಮಗೆ ತೆಲುಗು ಬರ್ತದೆ, ಅದು ನಮ್ಮದೇ ಭಾಷೆ, ಅದರಲ್ಲಿ ಪದ್ಯವನ್ನೂ ಕಟ್ತೀವಿ. ಆದರೆ ಕನ್ನಡ ಶಾಲೆಯಲ್ಲಿ ಓದಿದವರಿಗೆ ಬರೆದದ್ದನ್ನು ಓದಲು ಬರೋದಿಲ್ಲ. ಎರಡೂ ಲಿಪಿಯಲ್ಲಿ, ಚಿತ್ರ ಹಾಕಿ, ಒಂದು ಹಾಳೆ ಮಾಡಿ ಪಂಚಾಯಿತಿ ಗೋಡೆಗೂ ಶೀಟಿನ ಅಂಗಡಿಗೂ ಅಂಟಿಸಿದರೆ ಸಾಕು: ಬೋಲ್ಟು ಎಲ್ಲಿ, ಪಟ್ಟಿ ಎಲ್ಲಿ, ನೀರುಣಿಸೋದು ಎಷ್ಟು ದಿನ. ಆಂಧ್ರದ ಮೇಸ್ತ್ರಿ ಪಾವಗಡದಲ್ಲಿ ಕೆಲಸ ಮಾಡ್ತಾನೆ, ಶಿರಾದ ಮೇಸ್ತ್ರಿ ಮಡಕಶಿರಾಕ್ಕೆ ಬರ್ತಾನೆ. ಗಾಳಿಗೂ ಗಡಿ ಇಲ್ಲ. ಅವರಿಗೆ ಕೊಡುವ ತರಬೇತಿಯನ್ನು ಎರಡು ರಾಜ್ಯದವರು ಕೂತು ಒಟ್ಟಿಗೆ ಮಾಡಿದರೆ ತಪ್ಪೇನು? ಬೇಸಿಗೆಯ ಮೂರು ತಿಂಗಳು ವಾರಕ್ಕೊಂದು ದಿನ ಮಂಡಲ ಕಚೇರಿಯ ಎಂಜಿನಿಯರು ಊರಿಗೆ ಬಂದು ಸೂರು ತೆಗೆಸುವವರ ಗೋಡೆ ನೋಡಿ ಹೋಗುವಂತಾಗಲಿ. ಇದಕ್ಕೆ ಬೊಕ್ಕಸದ ಹಣಕ್ಕಿಂತ ಮನಸ್ಸು ಬೇಕು.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರೋದು ಇಷ್ಟು. ಅಂಗಡಿಗೆ ಹೋಗಿ ರೇಟು ಕೇಳುವ ಮೊದಲು ಮನೆಯ ಗೋಡೆ ಮುಂದೆ ನಿಂತು ಮೂರು ಪ್ರಶ್ನೆ ಕೇಳಿಕೊಳ್ಳಿ: ಇದು ಎಷ್ಟು ಭಾರ ಹೊರಬಲ್ಲುದು? ಗಾಳಿ ಬಂದರೆ ಸೂರನ್ನು ಯಾವುದು ಹಿಡಿದುಕೊಳ್ಳುತ್ತದೆ? ಮೇ ತಿಂಗಳ ಮಧ್ಯಾಹ್ನ ಇದರ ಕೆಳಗೆ ಅವ್ವ ಮಲಗಬಲ್ಲಳಾ? ಮೂರಕ್ಕೂ ಉತ್ತರ ಸಿಕ್ಕಿದ ಮೇಲೆ ಟ್ರಾಕ್ಟರು ಕರೀರಿ.